ಸಣ್ಣ ಕ್ಯಾಸೆಟ್ಟಿನ ಚಲಚ್ಚಿತ್ರ ಯಂತ್ರ

ರಾಮನಗರದ ಬೆಟ್ಟಗಳಿಗೂ ಚಲಚ್ಚಿತ್ರ ಕಲೆಗೂ ಇರುವ ನಂಟು ಅರ್ಧ ಶತಮಾನಕ್ಕೂ ಮಿಕ್ಕಿದುದು. ೧೯೭೩ರ ಅಕ್ಟೋಬರ್ ಮೊದಲ ವಾರದಲ್ಲಿ ರಮೇಶ್ ಸಿಪ್ಪಿಯವರ ‘ಶೋಲೆ’ ಹಿಂದಿ ಚಿತ್ರದ ಚಿತ್ರೀಕರಣ ರಾಮದೇವರ ಬೆಟ್ಟದ ಆಸುಪಾಸಿನಲ್ಲಿ ಆರಂಭವಾಯಿತು. ಕಲಾನಿರ್ದೇಶಕರಾದ ರಾಮ್ ಯೇಡೇಕರ್ ಅವರು ಹೆಬ್ಬಂಡೆಗಳ ನಡುವೆ ಒಂದು ಹಳ್ಳಿಯನ್ನೇ ಕಟ್ಟಿ ನಿಲ್ಲಿಸಿದರು. ಹೆದ್ದಾರಿಯಿಂದ ಅಲ್ಲಿಗೆ ಹೋಗಲು ರಸ್ತೆಯನ್ನೂ ಮಾಡಿಸಬೇಕಾಯಿತು. ಛಾಯಾಗ್ರಾಹಕರಾದ ದ್ವಾರಕಾ ದಿವೇಚಾ ಅವರು ಸೂರ್ಯನು ಮುಳುಗಿ ಕತ್ತಲೆ ಕವಿಯುವ ಮುನ್ನ ದೊರೆಯುವ ಕೆಲವೇ ನಿಮಿಷಗಳ ಹೊಂಬೆಳಕಿಗಾಗಿ ಕಾದು, ವಿಧವೆಯಾದ ನಾಯಕಿ ಒಂದೊಂದಾಗಿ ದೀಪಗಳನ್ನು ಆರಿಸುವ ಪುಟ್ಟ ದೃಶ್ಯವೊಂದಕ್ಕೆ ಸುಮಾರು ಇಪ್ಪತ್ತು ಸಂಜೆಗಳನ್ನು ವ್ಯಯಿಸಿದರೆಂಬುದು ಚಿತ್ರರಂಗದಲ್ಲಿ ಪ್ರಸಿದ್ಧವಾದ ಸಂಗತಿ. ೧೯೭೫ರ ಆಗಸ್ಟ್ ೧೫ರಂದು ತೆರೆಕಂಡ ಆ ಚಿತ್ರ ಎಪ್ಪತ್ತು ಮಿಲಿಮೀಟರ್ ಅಗಲದ ಪರದೆಯ ಮೇಲೆ ಮೆರೆಯಿತಾದರೂ, ಅದನ್ನು ತೆಗೆದದ್ದು ಮೂವತ್ತೈದು ಮಿಲಿಮೀಟರ್ ಫಿಲ್ಮಿನ ಮೇಲೆಯೇ. ಹಿಗ್ಗಿಸುವ ಕೆಲಸ ಆಮೇಲೆ ನಡೆಯಿತು. ಎಪ್ಪತ್ತು ಮಿಲಿಮೀಟರಿನ ಕ್ಯಾಮರಾ ಅಷ್ಟೊಂದು ಸಂಪನ್ನ ನಿರ್ಮಾಪಕರಿಗೂ ಆ ಕಾಲದಲ್ಲಿ ಕೈಗೆಟುಕುವ ವಸ್ತುವಾಗಿರಲಿಲ್ಲ.

ಹತ್ತು ವರ್ಷಗಳ ತರುವಾಯ ಇಂಗ್ಲೆಂಡಿನ ಡೇವಿಡ್ ಲೀನ್ ಅವರು ‘ಎ ಪ್ಯಾಸೇಜ್ ಟು ಇಂಡಿಯಾ’ (೧೯೮೪) ಚಿತ್ರಕ್ಕಾಗಿ ಇದೇ ರಾಮದೇವರ ಬೆಟ್ಟಕ್ಕೂ ಮಾಗಡಿ ತಾಲ್ಲೂಕಿನ ಸಾವನದುರ್ಗಕ್ಕೂ ಬಂದರು. ಕಾದಂಬರಿಗೆ ಮೂಲವಾದ ಬಿಹಾರದ ಬರಾಬರ್ ಗುಹೆಗಳು ಅವರ ಕಣ್ಣಿಗೆ ಸಪ್ಪೆಯಾಗಿ ಕಂಡಿದ್ದವು. ಸಾವನದುರ್ಗದ ಬೋಳುಬಂಡೆ ಅವರಿಗೆ ಒಪ್ಪಿಗೆಯಾಯಿತು. ಗುಹೆಯ ಬಾಗಿಲುಗಳನ್ನು ಮಾತ್ರ ಕೊರೆಸಿಕೊಂಡರು. ಸುಮಾರು ೨೫೦ ಕೋಟಿ ವರ್ಷಗಳಷ್ಟು ಪ್ರಾಚೀನವಾದ ಈ ಶಿಲಾಸಾಲಿಗೆ ಭೂವಿಜ್ಞಾನಿಗಳು ಇಟ್ಟಿರುವ ಹೆಸರು ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂದು. ಕ್ಲೋಸ್‌ಪೇಟೆ ಎಂಬುದು ರಾಮನಗರಕ್ಕೇ ಬ್ರಿಟಿಷರ ಕಾಲದಲ್ಲಿದ್ದ ಹೆಸರು. ಹೀಗೆ ಈ ಕಲ್ಲು ಎರಡು ಬಗೆಯಲ್ಲಿ ಜಗತ್ತಿನ ಪುಸ್ತಕಗಳನ್ನು ಸೇರಿದೆ.

ಆದರೆ ಈ ಎರಡೂ ಸಂದರ್ಭಗಳಲ್ಲಿ ಊರಿನ ಜನ ನೋಟಕರಾಗಿ, ಕೂಲಿಯವರಾಗಿ, ಹೆಚ್ಚೆಂದರೆ ಗುಂಪಿನ ದೃಶ್ಯಗಳಲ್ಲಿ ನಿಂತವರಾಗಿ ಉಳಿದರು. ಕ್ಯಾಮರಾದ ಹಿಂದೆ ನಿಲ್ಲುವ ಯೋಗ ಅವರಿಗಿರಲಿಲ್ಲ. ಇದಕ್ಕೆ ಕಾರಣವನ್ನು ಪ್ರತಿಭೆಯ ಕೊರತೆಯಲ್ಲಿ ಹುಡುಕುವುದು ಸಲ್ಲದು. ಲೆಕ್ಕವನ್ನು ನೋಡಿದರೆ ಸಾಕು. ಮೂವತ್ತೈದು ಮಿಲಿಮೀಟರ್ ಫಿಲ್ಮು ಸೆಕೆಂಡಿಗೆ ೨೪ ಚಿತ್ರಗಳಂತೆ ಓಡುವಾಗ ನಿಮಿಷಕ್ಕೆ ೯೦ ಅಡಿ ಖರ್ಚಾಗುತ್ತದೆ. ಸಾವಿರ ಅಡಿಯ ಒಂದು ಸುರುಳಿ ಹನ್ನೊಂದು ನಿಮಿಷಕ್ಕೆ ಮುಗಿದು ಹೋಗುತ್ತದೆ. ಒಮ್ಮೆ ಬೆಳಕು ಬಿದ್ದ ಫಿಲ್ಮನ್ನು ಮತ್ತೆ ಬಳಸುವಂತಿಲ್ಲ. ಅದನ್ನು ಸಂಸ್ಕರಣಾಲಯಕ್ಕೆ ಕಳುಹಿಸಿ, ಪ್ರತಿ ತೆಗೆಸಿ, ಅನಂತರವೇ ತೆಗೆದದ್ದು ಸರಿಯಾಗಿದೆಯೇ ಎಂದು ನೋಡಬೇಕು. ಒಬ್ಬ ಶಾಲಾ ಉಪಾಧ್ಯಾಯನೋ ರೇಷ್ಮೆ ಬೆಳೆಗಾರನ ಮಗನೋ ತನ್ನ ಊರಿನ ಕಥೆಯನ್ನು ಚಿತ್ರವಾಗಿಸಬೇಕೆಂದು ಬಯಸಿದರೆ, ಮೊದಲ ಹತ್ತು ನಿಮಿಷದ ಫಿಲ್ಮಿಗೇ ಮನೆಯ ಉಳಿತಾಯ ಕರಗಿ ಹೋಗುವಂತಿತ್ತು.

ಈ ಗೋಡೆಯಲ್ಲಿ ಬಾಗಿಲು ತೆರೆದ ಯಂತ್ರಗಳಲ್ಲಿ ಮುಖ್ಯವಾದುದು ಪ್ಯಾನಸೋನಿಕ್ ಸಂಸ್ಥೆ ೨೦೦೨ರಲ್ಲಿ ಹೊರತಂದ ‘ಎಜಿ-ಡಿವಿಎಕ್ಸ್ ೧೦೦’ ಎಂಬ ಕ್ಯಾಮ್‌ಕಾರ್ಡರ್. ಚಿತ್ರ ಹಿಡಿಯುವ ಕ್ಯಾಮರಾ, ದಾಖಲಿಸುವ ರೆಕಾರ್ಡರ್ ಎರಡೂ ಒಂದೇ ಒಡಲಿನಲ್ಲಿ ಸೇರಿರುವುದರಿಂದ ಈ ಹೆಸರು. ತೂಕ ಎರಡು ಕಿಲೋಗ್ರಾಂಗಿಂತಲೂ ಕಡಿಮೆ. ಅಮೆರಿಕದಲ್ಲಿ ಅದರ ಬೆಲೆ ಸುಮಾರು ನಾಲ್ಕು ಸಾವಿರ ಡಾಲರ್. ಭಾರತದ ಮಟ್ಟಿಗೆ ಇದು ಸಣ್ಣ ಮೊತ್ತವೇನೂ ಅಲ್ಲ. ಆದರೂ ನಾಲ್ಕಾರು ಸ್ನೇಹಿತರು ಕೂಡಿ ಕೊಳ್ಳಬಹುದಾದ, ಇಲ್ಲವೇ ದಿನದ ಬಾಡಿಗೆಗೆ ತರಬಹುದಾದ ಮಟ್ಟಕ್ಕೆ ಚಲಚ್ಚಿತ್ರ ನಿರ್ಮಾಣ ಇಳಿದು ಬಂದುದು ಅಲ್ಪ ಸಂಗತಿಯಲ್ಲ.

ಇದರ ಮಹತ್ತ್ವ ತಿಳಿಯಬೇಕಾದರೆ ಅದಕ್ಕೂ ಹಿಂದಿನ ಸ್ಥಿತಿಯನ್ನು ಸ್ವಲ್ಪ ನೋಡಬೇಕಾಗುತ್ತದೆ. ೧೯೮೦ರ ದಶಕದಲ್ಲಿಯೇ ವಿಡಿಯೊ ಕ್ಯಾಮರಾ ಕಲ್ಯಾಣ ಮಂಟಪಗಳನ್ನು ಪ್ರವೇಶಿಸಿತ್ತು. ಹೆಗಲ ಮೇಲೆ ಹೊತ್ತ ಆ ದೊಡ್ಡ ಯಂತ್ರವೂ, ಅದರ ಜತೆಗೆ ಒಬ್ಬ ಹುಡುಗ ಹಿಡಿದು ನಿಲ್ಲುತ್ತಿದ್ದ ಕಣ್ಣು ಕೋರೈಸುವ ದೀಪವೂ ಹಿರಿಯ ವಾಚಕರಿಗೆ ನೆನಪಿರಬಹುದು. ವಿಎಚ್‌ಎಸ್ ಎಂಬ ಆ ಕ್ಯಾಸೆಟ್ಟಿನಲ್ಲಿ ಚಿತ್ರವು ಏರಿಳಿಯುವ ಅಲೆಯ ರೂಪದಲ್ಲಿ ದಾಖಲಾಗುತ್ತಿತ್ತು. ಅದರಿಂದ ಒಂದು ಪ್ರತಿ ತೆಗೆದರೆ ಬಣ್ಣ ಮಾಸುತ್ತಿತ್ತು. ಪ್ರತಿಯ ಪ್ರತಿ ತೆಗೆದರೆ ಮುಖದ ಗುರುತು ಸಿಗುವುದೇ ಕಷ್ಟವಾಗುತ್ತಿತ್ತು. ಸಂಕಲನವೆಂದರೆ ಒಂದು ಕ್ಯಾಸೆಟ್ಟಿನಿಂದ ಇನ್ನೊಂದಕ್ಕೆ ಪ್ರತಿ ಮಾಡುವುದೇ ಆದ್ದರಿಂದ, ಚಿತ್ರವನ್ನು ತಿದ್ದಿದಷ್ಟೂ ಅದು ಕೆಡುತ್ತಿತ್ತು.

೧೯೯೫ರಲ್ಲಿ ಬಳಕೆಗೆ ಬಂದ ‘ಡಿವಿ’ ಪದ್ಧತಿ ಈ ದೋಷವನ್ನು ಬುಡಸಮೇತ ಕಿತ್ತಿತು. ಜಪಾನಿನ ಹಾಗೂ ಇತರ ದೇಶಗಳ ಹಲವು ಕಂಪನಿಗಳು ಒಟ್ಟಾಗಿ ಒಪ್ಪಿಕೊಂಡ ಈ ಪದ್ಧತಿಯಲ್ಲಿ ಚಿತ್ರವು ಅಂಕಿಗಳ ರೂಪದಲ್ಲಿ ದಾಖಲಾಗುತ್ತದೆ. ಅಲೆಯನ್ನು ನಕಲು ಮಾಡುವಾಗ ಅದರ ಆಕಾರ ಕೆಡಬಹುದು. ಅಂಕಿಯನ್ನು ನಕಲು ಮಾಡುವಾಗ ಒಂದು ಒಂದಾಗಿಯೂ ಸೊನ್ನೆ ಸೊನ್ನೆಯಾಗಿಯೂ ಉಳಿಯುತ್ತದೆ. ಉಪಾಧ್ಯಾಯರು ಕರಿಹಲಗೆಯ ಮೇಲೆ ಬರೆದ ಚಿತ್ರವನ್ನು ನಲವತ್ತು ಮಕ್ಕಳು ಒಬ್ಬರಿಂದೊಬ್ಬರು ನೋಡಿ ಬರೆದರೆ ಕೊನೆಯ ಹುಡುಗನ ಆನೆ ಎಮ್ಮೆಯಾಗಿರುತ್ತದೆ. ಅದೇ ಮಗ್ಗಿಯನ್ನು ನಲವತ್ತು ಮಂದಿ ನಕಲು ಮಾಡಿದರೂ ಹನ್ನೆರಡೆಂಟಲೆ ತೊಂಬತ್ತಾರೇ. ಅಂಕೀಯ ದಾಖಲೆಯ ಸಾರವೆಲ್ಲ ಈ ವ್ಯತ್ಯಾಸದಲ್ಲಿದೆ.

ಈ ಅಂಕಿಗಳನ್ನು ಹೊತ್ತ ‘ಮಿನಿ ಡಿವಿ’ ಕ್ಯಾಸೆಟ್ಟು ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು: ೬೬ ಮಿಲಿಮೀಟರ್ ಉದ್ದ, ೪೮ ಮಿಲಿಮೀಟರ್ ಅಗಲ. ಒಳಗಿನ ಟೇಪಿನ ಅಗಲ ಕಾಲು ಅಂಗುಲ. ಟೇಪು ಸೆಕೆಂಡಿಗೆ ೧೯ ಮಿಲಿಮೀಟರಿನಷ್ಟು ನಿಧಾನವಾಗಿ ಸರಿಯುತ್ತದೆ. ಇಷ್ಟು ಸಾವಕಾಶವಾಗಿ ಸರಿಯುವ ಪಟ್ಟಿಯ ಮೇಲೆ ಅಷ್ಟೊಂದು ಅಂಕಿಗಳನ್ನು ಹೇಗೆ ತುಂಬುತ್ತಾರೆಂಬುದು ಕುತೂಹಲದ ವಿಷಯ. ಕಾಂತೀಯ ತಲೆಗಳನ್ನು ಹೊತ್ತ ಒಂದು ಪುಟ್ಟ ಉರುಳೆ ಟೇಪಿಗೆ ಓರೆಯಾಗಿ ನಿಂತು ನಿಮಿಷಕ್ಕೆ ೯,೦೦೦ ಸುತ್ತು ತಿರುಗುತ್ತದೆ. ಪ್ರತಿ ಸುತ್ತಿಗೆ ಎರಡು ಓರೆಗೆರೆಗಳನ್ನು ಗೀಚುತ್ತದೆ. ಭಾರತದ ಪದ್ಧತಿಯಲ್ಲಿ ಒಂದು ಚಿತ್ರಕ್ಕೆ ಇಂತಹ ಹನ್ನೆರಡು ಗೆರೆಗಳು ಬೇಕು. ಸೆಕೆಂಡಿಗೆ ೨೫ ಚಿತ್ರ, ಅಂದರೆ ೩೦೦ ಗೆರೆ. ಒಂದೊಂದು ಗೆರೆಯ ಅಗಲ ಹತ್ತು ಮೈಕ್ರಾನ್, ತಲೆಗೂದಲಿನ ದಪ್ಪದ ಏಳನೆಯ ಒಂದು ಪಾಲು. ಒಂದು ಗಂಟೆಯ ಕ್ಯಾಸೆಟ್ಟಿನಲ್ಲಿ ಸುಮಾರು ೧೩ ಗಿಗಾಬೈಟ್ ಅಂಕಿಗಳಿರುತ್ತವೆ. ಈ ಸೂಕ್ಷ್ಮತೆಯೇ ಅದರ ಹಿರಿಮೆ. ಮುಂದೆ ಹೇಳಲಿರುವ ಅದರ ಕೇಡಿಗೂ ಇದೇ ಮೂಲ.

ಅದೇ ೧೯೯೫ರಲ್ಲಿ ಸೋನಿ ಸಂಸ್ಥೆಯ ‘ವಿಎಕ್ಸ್ ೧೦೦೦’ ಬಂದಿತು. ೧೯೯೭ರಲ್ಲಿ ಮಸೂರವನ್ನು ಬದಲಿಸಬಹುದಾದ ಕ್ಯಾನನ್ ‘ಎಕ್ಸ್‌ಎಲ್ ೧’ ಬಂದಿತು. ಡೆನ್ಮಾರ್ಕಿನ ಥಾಮಸ್ ವಿಂಟರ್‌ಬರ್ಗ್ ಅವರು ಇನ್ನೂ ಚಿಕ್ಕದಾದ, ಮನೆಬಳಕೆಯ ಸೋನಿ ಕ್ಯಾಮರಾದಿಂದ ‘ಫೆಸ್ಟೆನ್’ ಎಂಬ ಚಿತ್ರವನ್ನು ತೆಗೆದು ೧೯೯೮ರ ಕಾನ್ ಉತ್ಸವದಲ್ಲಿ ತೀರ್ಪುಗಾರರ ಪ್ರಶಸ್ತಿಯನ್ನು ಪಡೆದರು. ಅದರ ಛಾಯಾಗ್ರಾಹಕ ಆಂಟನಿ ಡಾಡ್ ಮ್ಯಾಂಟಲ್ ಅವರೇ ಮುಂದೆ ಡ್ಯಾನಿ ಬಾಯ್ಲ್ ಅವರ ‘೨೮ ಡೇಸ್ ಲೇಟರ್’ (೨೦೦೨) ಚಿತ್ರಕ್ಕೆ ಕ್ಯಾನನ್ ಯಂತ್ರವನ್ನು ಹಿಡಿದರು. ಬೆಳಗಿನ ಜಾವ ಲಂಡನ್ನಿನ ಬೀದಿಗಳಲ್ಲಿ ವಾಹನಗಳನ್ನು ಕೆಲವೇ ನಿಮಿಷ ತಡೆದು ನಿರ್ಜನ ನಗರದ ದೃಶ್ಯಗಳನ್ನು ತೆಗೆಯುವುದು ಸಾಧ್ಯವಾದದ್ದು ಥಟ್ಟನೆ ಇಟ್ಟು ಥಟ್ಟನೆ ಎತ್ತಬಹುದಾದ ಆ ಸಣ್ಣ ಯಂತ್ರಗಳಿಂದಲೇ.

ಇಷ್ಟಿದ್ದರೂ ಒಂದು ಕೊರತೆ ಉಳಿದಿತ್ತು. ವಿಡಿಯೊದಲ್ಲಿ ತೆಗೆದದ್ದು ವಿಡಿಯೊದಂತೆಯೇ ಕಾಣುತ್ತಿತ್ತು, ಚಲಚ್ಚಿತ್ರದಂತೆ ಕಾಣುತ್ತಿರಲಿಲ್ಲ. ನೋಡುವವರಿಗೆ ಕಾರಣ ತಿಳಿಯದಿದ್ದರೂ ವ್ಯತ್ಯಾಸ ತಿಳಿಯುತ್ತಿತ್ತು. ಒಂದು ವಾರ್ತೆಯಂತೆ, ಇನ್ನೊಂದು ಕಥೆಯಂತೆ ತೋರುತ್ತಿತ್ತು. ಕಾರಣ ದೂರದರ್ಶನದ ಮೂಲ ಪದ್ಧತಿಯಲ್ಲಿದೆ. ದೂರದರ್ಶನದ ಚಿತ್ರವು ಅಡ್ಡಗೆರೆಗಳ ಸಮೂಹ. ಹಳೆಯ ಕ್ಯಾಮರಾಗಳು ಇಡೀ ಚಿತ್ರವನ್ನು ಒಂದೇ ಕ್ಷಣದಲ್ಲಿ ಹಿಡಿಯುತ್ತಿರಲಿಲ್ಲ. ಮೊದಲು ಬೆಸಸಂಖ್ಯೆಯ ಗೆರೆಗಳನ್ನು, ಸೆಕೆಂಡಿನ ಐವತ್ತನೆಯ ಒಂದು ಭಾಗ ಕಳೆದ ಮೇಲೆ ಸಮಸಂಖ್ಯೆಯ ಗೆರೆಗಳನ್ನು ಹಿಡಿದು, ಎರಡು ಅರ್ಧಚಿತ್ರಗಳನ್ನು ಬಾಚಣಿಗೆಯ ಹಲ್ಲುಗಳಂತೆ ಒಂದರೊಳಗೊಂದು ಹೆಣೆಯುತ್ತಿದ್ದವು. ನಿಶ್ಚಲವಾದ ವಸ್ತುವಿಗೆ ಇದರಿಂದ ಬಾಧಕವಿಲ್ಲ. ವೀರಗಾಸೆಯವರು ಕತ್ತಿ ಬೀಸುವಾಗ ನೋಡಬೇಕು. ಮೊದಲ ಅರ್ಧದಲ್ಲಿ ಕತ್ತಿ ಒಂದು ಕಡೆ, ಎರಡನೆಯ ಅರ್ಧದಲ್ಲಿ ಇನ್ನೊಂದು ಕಡೆ. ಚಿತ್ರವನ್ನು ನಿಲ್ಲಿಸಿ ನೋಡಿದರೆ ಕತ್ತಿಯ ಅಂಚೆಲ್ಲ ಗರಗಸ. ಓಡುವಾಗಲಾದರೋ ಚಲನೆ ಅತಿ ನುಣುಪಾಗಿ, ಕಿಟಕಿಯಿಂದ ನೇರವಾಗಿ ನೋಡಿದಂತೆ ಇರುತ್ತದೆ. ಚಲಚ್ಚಿತ್ರದ ಕಣ್ಣು ಬೇರೆ. ಅದು ಸೆಕೆಂಡಿಗೆ ೨೪ ಬಾರಿ ಮಾತ್ರ ತೆರೆಯುತ್ತದೆ, ಪ್ರತಿ ಬಾರಿಯೂ ಇಡೀ ದೃಶ್ಯವನ್ನು ಒಟ್ಟಿಗೆ ಹಿಡಿಯುತ್ತದೆ. ಚಿತ್ರ ಚಿತ್ರಗಳ ನಡುವೆ ಉಳಿಯುವ ಆ ಸಣ್ಣ ಅಂತರ, ಚಲನೆಯಲ್ಲಿನ ಆ ಮಸುಕು, ಇವುಗಳಿಗೆ ಎಂಬತ್ತು ವರ್ಷಗಳ ಕಾಲ ಪ್ರೇಕ್ಷಕನ ಕಣ್ಣು ಒಗ್ಗಿಹೋಗಿತ್ತು. ಕಥೆಯ ಲೋಕವೆಂದರೆ ಹಾಗೆಯೇ ಇರಬೇಕೆಂಬ ಭಾವ ಬೇರೂರಿತ್ತು.

ಡಿವಿಎಕ್ಸ್ ೧೦೦ ಮಾಡಿದ ಕೆಲಸವೆಂದರೆ, ಸಾಮಾನ್ಯರು ಕೊಳ್ಳಬಹುದಾದ ಬೆಲೆಯಲ್ಲಿ ಸೆಕೆಂಡಿಗೆ ೨೪ ಇಡಿಚಿತ್ರಗಳನ್ನು ಹಿಡಿಯುವ ಸೌಲಭ್ಯವನ್ನು ಮೊದಲು ಒದಗಿಸಿದುದು. ಅಮೆರಿಕದ ದೂರದರ್ಶನ ಸೆಕೆಂಡಿಗೆ ೬೦ ಅರ್ಧಚಿತ್ರಗಳ ಪದ್ಧತಿಯಲ್ಲಿದ್ದುದರಿಂದ, ಒಂದು ಚಿತ್ರವನ್ನು ಎರಡು ಅರ್ಧಗಳಾಗಿ, ಮುಂದಿನದನ್ನು ಮೂರು ಅರ್ಧಗಳಾಗಿ ಹಂಚಿ ೨೪ನ್ನು ೬೦ರೊಳಗೆ ಕೂಡಿಸುವ ಉಪಾಯವನ್ನು ಅಲ್ಲಿ ಮಾಡಬೇಕಾಯಿತು. ಭಾರತದಲ್ಲಿ ಲೆಕ್ಕ ಸರಳ. ಇಲ್ಲಿ ೫೦ ಅರ್ಧಚಿತ್ರಗಳು, ಆದುದರಿಂದ ೨೫ ಇಡಿಚಿತ್ರಗಳು. ಇಲ್ಲಿಗಾಗಿ ಮಾಡಿದ ಯಂತ್ರ ಸೆಕೆಂಡಿಗೆ ೨೫ ಚಿತ್ರ ಹಿಡಿಯುತ್ತಿತ್ತು. ಚಿತ್ರಮಂದಿರಕ್ಕಾಗಿ ಅದನ್ನು ಫಿಲ್ಮಿಗೆ ವರ್ಗಾಯಿಸಿ ೨೪ರ ವೇಗದಲ್ಲಿ ಓಡಿಸಿದಾಗ ಒಂದು ಗಂಟೆಯ ಚಿತ್ರ ಅರುವತ್ತೆರಡೂವರೆ ನಿಮಿಷವಾಗುತ್ತಿತ್ತು. ಪಾತ್ರಧಾರಿಯ ದನಿ ಕೂದಲೆಳೆಯಷ್ಟು ಗಡುಸಾಗುವುದನ್ನು ಬಿಟ್ಟರೆ ಬೇರೆ ಹಾನಿಯಿಲ್ಲ. ಅದನ್ನೂ ಧ್ವನಿಕಾರರು ಸರಿಪಡಿಸುತ್ತಿದ್ದರು.

ಇಲ್ಲಿ ಒಂದು ಮಾತನ್ನು ಸೇರಿಸಬಹುದು. ವಿದೇಶದಲ್ಲಿರುವ ಮಕ್ಕಳು ಪ್ರೀತಿಯಿಂದ ಅಮೆರಿಕದ ಕ್ಯಾಮರಾ ತಂದುಕೊಟ್ಟ ಮನೆಗಳಲ್ಲಿ ಎಷ್ಟೋ ವೇಳೆ ನಿರಾಶೆಯಾಗಿದೆ. ಈ ದೇಶದ ವಿದ್ಯುತ್ತು ಸೆಕೆಂಡಿಗೆ ೫೦ ಆವರ್ತಗಳದು. ಟ್ಯೂಬ್‌ಲೈಟಿನ ಬೆಳಕು ಕಣ್ಣಿಗೆ ಕಾಣದಂತೆ ಸೆಕೆಂಡಿಗೆ ನೂರು ಬಾರಿ ಏರಿಳಿಯುತ್ತದೆ. ಅರುವತ್ತರ ತಾಳಕ್ಕೆ ಹೊಂದಿಕೊಂಡ ಯಂತ್ರ ಆ ಬೆಳಕಿನಲ್ಲಿ ಚಿತ್ರ ಹಿಡಿದಾಗ ಇಡೀ ಸಭಾಂಗಣ ಮಿಡಿಯುತ್ತಿರುವಂತೆ ದಾಖಲಾಗುತ್ತದೆ. ಅಂತಹ ಯಂತ್ರದಲ್ಲಿ ಶಟರಿನ ವೇಗವನ್ನು ಸೆಕೆಂಡಿನ ನೂರನೆಯ ಒಂದು ಭಾಗಕ್ಕೆ ಇಟ್ಟರೆ ಮಿಡಿತ ನಿಲ್ಲುತ್ತದೆ. ಇಷ್ಟು ಸಣ್ಣ ವಿಷಯ ತಿಳಿಯದೆ ಕೆಟ್ಟ ಮದುವೆಯ ಕ್ಯಾಸೆಟ್ಟುಗಳೆಷ್ಟೋ!

ಈ ಯಂತ್ರದ ಕಣ್ಣಿನ ರಚನೆಯನ್ನೂ ತಿಳಿಯುವುದು ಒಳ್ಳೆಯದು. ಮಸೂರವನ್ನು ಹಾದು ಬಂದ ಬೆಳಕು ಒಂದು ಪಟ್ಟಕವನ್ನು ಹೊಕ್ಕು ಕೆಂಪು, ಹಸಿರು, ನೀಲಿ ಎಂದು ಮೂರಾಗಿ ಒಡೆಯುತ್ತದೆ. ಪ್ರೌಢಶಾಲೆಯ ಪ್ರಯೋಗಶಾಲೆಯಲ್ಲಿ ಗಾಜಿನ ಪಟ್ಟಕದಿಂದ ಬಣ್ಣಗಳನ್ನು ಬಿಡಿಸಿದವರಿಗೆ ಇದು ಅರ್ಥವಾಗದ ಮಾತಲ್ಲ; ಇಲ್ಲಿ ಮಾತ್ರ ಗಾಜಿನ ಮೇಲಿನ ತೆಳುಲೇಪಗಳು ಆ ಕೆಲಸ ಮಾಡುತ್ತವೆ. ಒಂದೊಂದು ಬಣ್ಣಕ್ಕೆ ಒಂದೊಂದರಂತೆ ‘ಸಿಸಿಡಿ’ ಎಂಬ ಮೂರು ಬೆಳಕುಗ್ರಾಹಿ ಬಿಲ್ಲೆಗಳಿವೆ. ಪ್ರತಿಯೊಂದರ ಅಳತೆ ಮೂರನೆಯ ಒಂದು ಅಂಗುಲವೆಂದು ಹೇಳುವ ರೂಢಿ. ಒಂದೇ ಬಿಲ್ಲೆಯಿಂದ ಮೂರು ಬಣ್ಣಗಳನ್ನೂ ಊಹಿಸಿಕೊಳ್ಳುವ ಅಗ್ಗದ ಯಂತ್ರಗಳಿಗಿಂತ ಇದರ ಬಣ್ಣ ಶುದ್ಧ. ಮಸೂರ ಲೈಕಾ ಡೈಕೋಮಾರ್ ಹೆಸರಿನದು, ೪.೫ರಿಂದ ೪೫ ಮಿಲಿಮೀಟರಿನವರೆಗೆ ಹತ್ತು ಪಟ್ಟು ಹಿಗ್ಗುವಂಥದು. ಅದರ ಅಗಲನೋಟ ಇಕ್ಕಟ್ಟಾದ ಕೋಣೆಗಳಲ್ಲಿ ಬಹಳ ಉಪಕಾರಿ. ವೃತ್ತಿನಿರತರ ಮೈಕ್ರೊಫೋನುಗಳನ್ನು ನೇರವಾಗಿ ಜೋಡಿಸಲು ಎರಡು ಕಿಂಡಿಗಳನ್ನು ಕೊಟ್ಟಿದ್ದುದೂ ಗಮನಾರ್ಹ. ಚಿತ್ರ ಮಂಕಾದರೆ ಪ್ರೇಕ್ಷಕ ಸಹಿಸಿಯಾನು, ಮಾತು ಕೇಳದಿದ್ದರೆ ಎದ್ದು ಹೋಗುತ್ತಾನೆ ಎಂಬುದನ್ನು ಯಂತ್ರದ ರಚಕರು ಬಲ್ಲವರಾಗಿದ್ದರು.

ಇದೆಲ್ಲಕ್ಕಿಂತ ಹೆಚ್ಚಾಗಿ ನಿರ್ದೇಶಕರ ಮನಸ್ಸನ್ನು ಗೆದ್ದುದು ಬೆಳಕು-ನೆರಳುಗಳನ್ನು ಅದು ಹಂಚುವ ರೀತಿ. ಸಾಮಾನ್ಯ ವಿಡಿಯೊ ಕ್ಯಾಮರಾವನ್ನು ನಡುಹಗಲಿನಲ್ಲಿ ರಾಮದೇವರ ಬೆಟ್ಟದ ಮುಂದೆ ನಿಲ್ಲಿಸಿದರೆ ಬಂಡೆ ಸುಣ್ಣ ಬಳಿದ ಗೋಡೆಯಂತೆ ಬೆಳ್ಳಗಾಗಿ, ಅದರ ನೆರಳಿನಲ್ಲಿ ನಿಂತವನ ಮುಖ ಮಸಿಯಾಗಿ ಕಾಣುತ್ತಿತ್ತು. ಡಿವಿ ಪದ್ಧತಿಯಲ್ಲಿ ಕಪ್ಪಿನಿಂದ ಬಿಳುಪಿನವರೆಗೆ ಇರುವ ಮೆಟ್ಟಿಲುಗಳು ೨೫೬ಕ್ಕೂ ಕಡಿಮೆ. ಫಿಲ್ಮಿನ ಔದಾರ್ಯ ಇದಕ್ಕಿಲ್ಲ. ಇರುವ ಮೆಟ್ಟಿಲುಗಳನ್ನೇ ಜಾಣತನದಿಂದ ಹಂಚಿ, ಮುಖದ ಭಾಗಕ್ಕೆ ಹೆಚ್ಚು ಕೊಟ್ಟು, ಬಿಳುಪನ್ನು ಮೆಲ್ಲನೆ ಕೊನೆಗಾಣಿಸುವ ‘ಸಿನಿಲೈಕ್’ ಎಂಬ ಹೊಂದಿಕೆಯನ್ನು ಡಿವಿಎಕ್ಸ್ ೧೦೦ ಹೊಂದಿತ್ತು. ಆದರೂ ಬಂಡೆಯ ಬಿಸಿಲನ್ನು ಪೂರ್ತಿ ಗೆಲ್ಲಲು ಅದಕ್ಕೂ ಆಗುತ್ತಿರಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ದಿವೇಚಾ ಅವರಂತೆ ಸಂಜೆಗಾಗಿ ಕಾಯುವ ತಾಳ್ಮೆ ಸಣ್ಣ ಯಂತ್ರ ಹಿಡಿದವನಿಗೂ ತಪ್ಪಿದ್ದಲ್ಲ. ಬಿಲ್ಲೆ ಚಿಕ್ಕದಾದುದರಿಂದ ಹತ್ತಿರದ ಮುಖವೂ ಹಿಂದಿನ ಗೋಡೆಯೂ ಒಂದೇ ಸ್ಪಷ್ಟತೆಯಲ್ಲಿ ಕಾಣುವುದು ಇನ್ನೊಂದು ದೋಷ. ಇಂದಿನ ದೂರವಾಣಿಗಳಲ್ಲಿರುವ ‘ನಾಲ್ಕು ಕೆ’ ಚಿತ್ರದಲ್ಲಿ ಡಿವಿ ಚಿತ್ರದ ಇಪ್ಪತ್ತು ಪಟ್ಟು ಬಿಂದುಗಳಿವೆ.

ಹೀಗಿದ್ದೂ ಆ ಯಂತ್ರದಿಂದ ಬಂದ ಕೃತಿಗಳು ಸಾಮಾನ್ಯವಾದವಲ್ಲ. ಅದರಿಂದ ತೆಗೆದ ‘ನವೆಂಬರ್’ ಎಂಬ ಕಥಾಚಿತ್ರಕ್ಕಾಗಿ ಛಾಯಾಗ್ರಾಹಕಿ ನ್ಯಾನ್ಸಿ ಶ್ರೈಬರ್ ಅವರು ೨೦೦೪ರ ಸನ್‌ಡ್ಯಾನ್ಸ್ ಉತ್ಸವದಲ್ಲಿ ಛಾಯಾಗ್ರಹಣ ಪ್ರಶಸ್ತಿಯನ್ನು ಪಡೆದರು. ಜೇಮ್ಸ್ ಲಾಂಗ್ಲಿ ಅವರು ಯುದ್ಧಗ್ರಸ್ತ ಇರಾಕಿನಲ್ಲಿ ಇದನ್ನು ಹಿಡಿದು ತಿರುಗಿ ‘ಇರಾಕ್ ಇನ್ ಫ್ರಾಗ್‌ಮೆಂಟ್ಸ್’ ಸಾಕ್ಷ್ಯಚಿತ್ರವನ್ನು ರೂಪಿಸಿದರು. ೨೦೦೬ರ ಅದೇ ಉತ್ಸವದಲ್ಲಿ ನಿರ್ದೇಶನ, ಛಾಯಾಗ್ರಹಣ, ಸಂಕಲನ ಮೂರಕ್ಕೂ ಅದಕ್ಕೆ ಪ್ರಶಸ್ತಿ ಬಂದಿತು. ದೊಡ್ಡ ಕ್ಯಾಮರಾದ ಮುಂದೆ ಬಾಯಿ ಕಟ್ಟಿಹೋಗುವ ಬಡವರೂ ಮಕ್ಕಳೂ ಸಣ್ಣ ಕ್ಯಾಮರಾವನ್ನು ಸ್ವಲ್ಪ ಹೊತ್ತಿನಲ್ಲೇ ಮರೆತುಬಿಡುತ್ತಾರೆ ಎಂಬುದೇ ಆ ಚಿತ್ರದ ಗುಟ್ಟು.

ಈ ಗುಣವೇ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಂತಹ ಪ್ರದೇಶಕ್ಕೆ ಸಣ್ಣ ಕ್ಯಾಮರಾ ಹೇಳಿ ಮಾಡಿಸಿದಂತಾಗಲು ಕಾರಣ. ಚನ್ನಪಟ್ಟಣದ ಬೊಂಬೆ ಕುಶಲಿಯೊಬ್ಬ ಹಾಲೆ ಮರದ ತುಂಡನ್ನು ಲೇತಿಗೆ ಕಟ್ಟಿ, ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದಾಗ, ಉಜ್ಜಾಟದ ಬಿಸಿಗೇ ಅರಗು ಕರಗಿ ಮರವನ್ನು ಹೊದೆಯುತ್ತದೆ. ಈ ಕ್ಷಣವನ್ನು ಹಿಡಿಯಬೇಕಾದರೆ ಆತನ ಮೊಣಕಾಲಿನ ಪಕ್ಕದಲ್ಲಿ ಕುಳಿತುಕೊಳ್ಳಬೇಕು. ದೀಪಗಳನ್ನೂ ಹತ್ತು ಮಂದಿ ಸಹಾಯಕರನ್ನೂ ಆ ಕೋಣೆಯೊಳಗೆ ತುಂಬಿದರೆ ಕೆಲಸವೇ ನಿಂತುಹೋಗುತ್ತದೆ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ಮಾತೂ ಅಷ್ಟೆ. ಗೂಡಿನ ಜಾಲರಿಗಳ ನಡುವೆ ಕೈಯಿಟ್ಟು ಗೂಡನ್ನು ಒತ್ತಿ ನೋಡುವ ಬಿಚ್ಚಣಿಕೆದಾರ, ಬೆಲೆಯ ಕೂಗಿಗೆ ಕಿವಿಗೊಟ್ಟು ನಿಂತ ರೈತನ ಮುಖ, ಇವು ದೂರದಿಂದ ಸಿಗುವ ಚಿತ್ರಗಳಲ್ಲ. ಇಂದು ಅಲ್ಲಿ ಇ-ಹರಾಜು ನಡೆಯುತ್ತದೆ. ಕೂಗಿನ ಹರಾಜನ್ನು ಯಾರಾದರೂ ಆಗ ದಾಖಲಿಸಿದ್ದರೆ ಆ ಕ್ಯಾಸೆಟ್ಟೇ ಅದರ ಸಾಕ್ಷಿ. ರಾಮದೇವರ ಬೆಟ್ಟದ ರಣಹದ್ದುಗಳ ವಿಷಯವೂ ಇದೇ. ೨೦೧೨ರಲ್ಲಿ ಬೆಟ್ಟವನ್ನು ರಣಹದ್ದುಗಳ ಧಾಮವೆಂದು ಘೋಷಿಸಿದ್ದು ಅವು ಬಹಳ ವಿರಳವಾದ ಮೇಲೆಯೇ.

ಬೆಂಗಳೂರು-ಮೈಸೂರು ಹೆದ್ದಾರಿಯ ಪಕ್ಕದಲ್ಲಿರುವ ಜಾನಪದ ಲೋಕವನ್ನು ಇಲ್ಲಿ ನೆನೆಯದಿರಲಾಗದು. ೧೯೭೯ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿದ ಎಚ್. ಎಲ್. ನಾಗೇಗೌಡರು ೧೯೯೪ರಲ್ಲಿ ಜಾನಪದ ಲೋಕವನ್ನು ತೆರೆದಾಗ ಕುಡಿಕೆ-ಮಡಕೆ, ನೇಗಿಲು-ಕೂರಿಗೆಗಳ ಸಂಗ್ರಹಕ್ಕೆ ನಿಲ್ಲಲಿಲ್ಲ. ಹಾಡುಗಾರರ ದನಿಯನ್ನೂ ಕುಣಿತದ ಚಲನೆಯನ್ನೂ ದಾಖಲಿಸಬೇಕೆಂಬುದು ಅವರ ಹಂಬಲವಾಗಿತ್ತು. ವಸ್ತುವನ್ನು ಕಪಾಟಿನಲ್ಲಿಡಬಹುದು, ಕಂಸಾಳೆಯವನ ಮೈಯ ತಿರುವನ್ನು ಟೇಪಿನಲ್ಲಿಯೇ ಇಡಬೇಕು. ೨೦೦೫ರಲ್ಲಿ ನಿಧನರಾದ ಆ ಹಿರಿಯರ ದೂರದೃಷ್ಟಿ ದೊಡ್ಡದೆನ್ನಲೇಬೇಕು.

ಇನ್ನು ಟೇಪಿನ ಕೇಡಿನ ವಿಷಯ. ಸ್ಥೂಲವಾಗಿ ೧೯೯೫ರಿಂದ ೨೦೧೦ರವರೆಗಿನ ಹದಿನೈದು ವರ್ಷಗಳಲ್ಲಿ ಈ ನಾಲ್ಕು ತಾಲ್ಲೂಕುಗಳ ಶಾಲಾ ವಾರ್ಷಿಕೋತ್ಸವಗಳು, ಜಾತ್ರೆ-ರಥೋತ್ಸವಗಳು, ಬೀಳ್ಕೊಡುಗೆ ಸಮಾರಂಭಗಳು, ಹಿರಿಯರ ಉಪನ್ಯಾಸಗಳು ದಾಖಲಾದದ್ದು ಬಹುಮಟ್ಟಿಗೆ ಇಂತಹ ಕ್ಯಾಸೆಟ್ಟುಗಳಲ್ಲಿ. ಈ ನಾಲ್ಕು ತಾಲ್ಲೂಕುಗಳು ಸೇರಿ ೨೦೦೭ರಲ್ಲಿ ಪ್ರತ್ಯೇಕ ಜಿಲ್ಲೆಯಾದ ಸಂಭ್ರಮವೂ ಟೇಪಿನ ಕಾಲದ್ದೇ. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ ೧೯೦೭ರಲ್ಲಿ ಜನಿಸಿದ ಸಿದ್ಧಗಂಗೆಯ ಡಾ. ಶ್ರೀ ಶಿವಕುಮಾರ ಮಹಾಸ್ವಾಮಿಗಳ ಶತಮಾನೋತ್ಸವ ನಡೆದದ್ದೂ ೨೦೦೭ರಲ್ಲಿಯೇ. ಅವರು ೨೦೧೯ರಲ್ಲಿ ಲಿಂಗೈಕ್ಯರಾದರು. ಅವರು ದಯಮಾಡಿಸಿದ್ದ ಒಂದು ಸಣ್ಣ ಊರಿನ ಸಮಾರಂಭದ ಕ್ಯಾಸೆಟ್ಟು ಯಾವ ಭಕ್ತರ ಮನೆಯ ಗೂಡಿನಲ್ಲಿ ಕುಳಿತಿದೆಯೋ ಹೇಳಲು ಬಾರದು. ನೂರಾರು ಛಾಯಾಚಿತ್ರಗಳಿದ್ದರೂ ಅವುಗಳಲ್ಲಿ ದನಿಯಿಲ್ಲ.

ಟೇಪಿನ ಮೇಲಿನ ಕಾಂತೀಯ ಲೇಪ ತೇವಕ್ಕೆ ಸಡಿಲವಾಗುತ್ತದೆ, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಹತ್ತು ಮೈಕ್ರಾನ್ ಅಗಲದ ಗೆರೆಯ ಮೇಲೆ ಒಂದು ಧೂಳಿನ ಕಣ ಕುಳಿತರೂ ಚಿತ್ರದಲ್ಲಿ ಚೌಕ ಚೌಕವಾದ ಕಲೆಗಳೇಳುತ್ತವೆ. ಹಳೆಯ ವಿಎಚ್‌ಎಸ್ ಕ್ಯಾಸೆಟ್ಟು ಮುಪ್ಪಾದಂತೆ ಮಂಕಾಗುತ್ತಿತ್ತು, ಆದರೂ ಏನೋ ಒಂದಷ್ಟು ಕಾಣುತ್ತಿತ್ತು. ಅಂಕೀಯ ಟೇಪು ಒಂದು ಮಿತಿಯವರೆಗೆ ಹೊಚ್ಚ ಹೊಸದರಂತೆಯೇ ಇದ್ದು, ಮಿತಿ ದಾಟಿದೊಡನೆ ಏನೂ ತೋರದಂತಾಗುತ್ತದೆ. ಟೇಪಿಗಿಂತಲೂ ಬೇಗ ಕಣ್ಮರೆಯಾಗುತ್ತಿರುವುದು ಅದನ್ನು ಓದುವ ಯಂತ್ರ. ಮಿನಿ ಡಿವಿ ಯಂತ್ರಗಳನ್ನು ಈಗ ಯಾರೂ ತಯಾರಿಸುತ್ತಿಲ್ಲ. ಅವುಗಳನ್ನು ಗಣಕಯಂತ್ರಕ್ಕೆ ಜೋಡಿಸುವ ‘ಫೈರ್‌ವೈರ್’ ಕಿಂಡಿ ಹೊಸ ಗಣಕಗಳಲ್ಲಿಲ್ಲ. ರಿಪೇರಿ ಬಲ್ಲವರು ವರ್ಷ ವರ್ಷಕ್ಕೂ ಕಡಿಮೆಯಾಗುತ್ತಿದ್ದಾರೆ.

ಕೋಟ್ಯಂತರ ಜನ ನೋಡಿದ ‘ಶೋಲೆ’ಗೇ ಈ ಅಪಾಯ ತಪ್ಪಲಿಲ್ಲವೆಂಬುದನ್ನು ಗಮನಿಸಬೇಕು. ಐವತ್ತು ವರ್ಷ ತುಂಬುವ ವೇಳೆಗೆ ಅದರ ಎಪ್ಪತ್ತು ಮಿಲಿಮೀಟರ್ ಪ್ರತಿಗಳು ಉಳಿದಿರಲಿಲ್ಲ; ಮೂಲ ನೆಗೆಟಿವ್ ಕೆಟ್ಟುಹೋಗಿತ್ತು. ಇಂಗ್ಲೆಂಡಿನ ಒಂದು ಉಗ್ರಾಣದಲ್ಲಿಯೂ ಮುಂಬಯಿಯಲ್ಲಿಯೂ ದೊರೆತ ನಡುವಣ ಪ್ರತಿಗಳಿಂದ ಫಿಲ್ಮ್ ಹೆರಿಟೇಜ್ ಫೌಂಡೇಷನ್ ಸಂಸ್ಥೆ ಅದನ್ನು ಪುನರುದ್ಧರಿಸಿ ೨೦೨೫ರ ಜೂನ್ ತಿಂಗಳಲ್ಲಿ ಇಟಲಿಯ ಬೊಲೋನ್ಯ ನಗರದ ಉತ್ಸವದಲ್ಲಿ ಪ್ರದರ್ಶಿಸಿತು. ತುರ್ತುಪರಿಸ್ಥಿತಿಯ ಕಾಲದ ಸೆನ್ಸಾರ್ ಮಂಡಲಿ ಬದಲಾಯಿಸಿದ್ದ ಮೂಲ ಮುಕ್ತಾಯವೂ ಅದರಲ್ಲಿ ಮರಳಿ ಬಂದಿತು. ದೊಡ್ಡ ಚಿತ್ರಕ್ಕೆ ಹುಡುಕುವವರಿದ್ದರು. ಶಾಲೆಯ ಕಪಾಟಿನ ಕ್ಯಾಸೆಟ್ಟನ್ನು ಹುಡುಕಿಕೊಂಡು ಬೊಲೋನ್ಯದಿಂದ ಯಾರೂ ಬರುವುದಿಲ್ಲ.

ಮಾಡಬೇಕಾದ ಕೆಲಸ ದುಬಾರಿಯದೇನಲ್ಲ. ಅರುವತ್ತು ಕ್ಯಾಸೆಟ್ಟುಗಳ ಮೂಲ ದಾಖಲೆ ೭೮೦ ಗಿಗಾಬೈಟಿನಷ್ಟಾಗುತ್ತದೆ. ಒಂದು ಟೆರಾಬೈಟಿನ ಹಾರ್ಡ್ ಡಿಸ್ಕಿನಲ್ಲಿ ಇಡಿಯಾಗಿ ಹಿಡಿಸುತ್ತದೆ. ಅಂತಹ ಡಿಸ್ಕುಗಳನ್ನು ಮೂರು ಕೊಂಡು ಒಂದನ್ನು ಬೇರೆ ಊರಿನಲ್ಲಿಡುವುದು ವಿವೇಕ. ಖರ್ಚಾಗುವುದು ಸಮಯ. ಒಂದು ಗಂಟೆಯ ಟೇಪನ್ನು ಗಣಕಕ್ಕೆ ಇಳಿಸಲು ಒಂದು ಗಂಟೆಯೇ ಬೇಕು. ಅವಸರ ಮಾಡಲು ದಾರಿಯಿಲ್ಲ. ಡಿವಿಡಿಗೆ ಹಾಕಿಸಿದ್ದೇವೆಂದು ಕೆಲವರು ಸಮಾಧಾನ ತಾಳುವುದುಂಟು. ಡಿವಿಡಿಯಲ್ಲಿ ಅಂಕಿಗಳನ್ನು ಇನ್ನಷ್ಟು ಹಿಂಡಿ ಅಡಕಗೊಳಿಸುವುದರಿಂದ ಅದು ಮೂಲಕ್ಕೆ ಸಮವಲ್ಲ; ಫೈರ್‌ವೈರ್ ಮೂಲಕ ಇಳಿಸಿಕೊಂಡ ಡಿವಿ ಕಡತವೇ ನಿಜವಾದ ಪ್ರತಿ. ಇದಕ್ಕಿಂತ ಕಷ್ಟವಾದದ್ದು ಹೆಸರು ಬರೆಯುವುದು. ಕ್ಯಾಸೆಟ್ಟಿನ ಮೇಲೆ ‘ಸಮಾರಂಭ’ ಎಂದಷ್ಟೇ ಇರುತ್ತದೆ. ವೇದಿಕೆಯ ಮೇಲೆ ಮೂರನೆಯವರಾಗಿ ಕುಳಿತವರು ಯಾರು, ಪ್ರಾರ್ಥನೆ ಹಾಡಿದ ಹುಡುಗಿ ಯಾರ ಮಗಳು ಎಂಬುದನ್ನು ಹೇಳಬಲ್ಲವರು ನಿವೃತ್ತ ಉಪಾಧ್ಯಾಯರು ಮಾತ್ರ. ಅವರನ್ನು ಕೂರಿಸಿಕೊಂಡು ತೋರಿಸಿ ಕೇಳಿ ಬರೆದುಕೊಳ್ಳುವ ಕೆಲಸ ಹಳೆಯ ವಿದ್ಯಾರ್ಥಿಗಳದು, ಅದೂ ಈ ಒಂದೆರಡು ವರ್ಷಗಳಲ್ಲಿ ಆಗಬೇಕಾದದ್ದು.

ಟೇಪನ್ನು ಯಂತ್ರಕ್ಕೆ ಹಾಕುವ ಮೊದಲು ಅಂಚಿನಲ್ಲಿರುವ ಪುಟ್ಟ ಗುಂಡಿಯನ್ನು ‘ಸೇವ್’ ಎಂಬ ಕಡೆಗೆ ಸರಿಸಬೇಕು. ಇಲ್ಲವಾದರೆ ಕೈತಪ್ಪಿ ಅದರ ಮೇಲೆಯೇ ಹೊಸದಾಗಿ ದಾಖಲಾಗುವ ಭಯವಿದೆ. ಬೂಷ್ಟು ಹಿಡಿದ ಟೇಪನ್ನು ಒಳ್ಳೆಯ ಯಂತ್ರಕ್ಕೆ ಹಾಕಲೇಬಾರದು, ಅದರ ತಲೆ ಕೆಡುತ್ತದೆ. ಕೆಲವರು ಮಿತವ್ಯಯಕ್ಕಾಗಿ ‘ಎಲ್‌ಪಿ’ ವೇಗದಲ್ಲಿ ಒಂದು ಗಂಟೆಯ ಟೇಪಿನಲ್ಲಿ ಒಂದೂವರೆ ಗಂಟೆ ತುಂಬಿರುತ್ತಾರೆ. ಅಂತಹ ಟೇಪಿನ ಗೆರೆಗಳು ಇನ್ನೂ ಕಿರಿದಾದುವಾದ್ದರಿಂದ, ಅವು ಬೇರೆ ಯಂತ್ರದಲ್ಲಿ ಓಡದೆ ಹೋಗಬಹುದು, ದಾಖಲಿಸಿದ ಯಂತ್ರದಲ್ಲಿ ಮಾತ್ರ ಓಡಬಹುದು. ಆದುದರಿಂದ ಕೆಟ್ಟಿದೆಯೆಂದು ಗುಜರಿಗೆ ಕೊಡಲು ತೆಗೆದಿಟ್ಟ ಹಳೆಯ ಕ್ಯಾಮರಾವನ್ನು, ಅದರಲ್ಲಿ ತೆಗೆದ ಕೊನೆಯ ಕ್ಯಾಸೆಟ್ಟು ಗಣಕಕ್ಕೆ ಇಳಿಯುವವರೆಗೆ ಕಳೆಯಬಾರದು.